ಕಬ್ಬಿನ ಹಾಲಿಗೆ ಜಿಸಿಯೋ, ಎಲ್‌ಸಿಯೋ?

ಕಬ್ಬಿನ ಹಾಲಲ್ಲಿ ಉಳಿದ ಕಳೆನಾಶಕ ಅಳೆಯೋಕೆ ಎರಡು ಯಂತ್ರ: ಸ್ಯಾಂಪಲ್ಲನ್ನ ಆವಿ ಮಾಡಿ ಬೇರ್ಪಡಿಸೋ ಗ್ಯಾಸ್ ಕ್ರೊಮ್ಯಾಟೋಗ್ರಫಿ (ಜಿಸಿ), ದ್ರವವಾಗೇ ಬೇರ್ಪಡಿಸೋ ಲಿಕ್ವಿಡ್ ಕ್ರೊಮ್ಯಾಟೋಗ್ರಫಿ (ಎಲ್‌ಸಿ). ಎರಡರ ತುದಿಯಲ್ಲೂ ಅಣುವಿನ ತೂಕ ನೋಡೋ ಮಾಸ್ ಸ್ಪೆಕ್ಟ್ರೋಮೀಟರ್ (ಎಂಎಸ್). ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಎಲ್‌ಸಿ-ಎಂಎಸ್/ಎಂಎಸ್‌ಗೆ. ಎರಡು ತಿಂಗಳು ಜಿಸಿ-ಎಂಎಸ್ ಮುಂದೆ ಕೂತು ಸಾಕಾದ ಮೇಲೆ ಹೇಳ್ತಿರೋ ಮಾತು.

ಮೈಸೂರಿನಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ಮಂಡ್ಯದ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ನೀರಲ್ಲಿ, ಅದರ ಅಚ್ಚುಕಟ್ಟಿನ ಕಬ್ಬಿನ ಹಾಲಲ್ಲಿ ಕಳೆನಾಶಕ ಅಟ್ರಜಿನ್, 2,4-ಡಿ ಎಷ್ಟು ಉಳಿದಿದೆ ಅಂತ ನೋಡಬೇಕಿತ್ತು. ನಮ್ಮ ವಿಭಾಗದ ಜಿಸಿ ಪುಕ್ಕಟೆ. ಪುಕ್ಕಟೆ ಅಂದಮೇಲೆ ಅದೇ ಮೊದಲು.

ನೀರು ತಕರಾರು ಮಾಡಲಿಲ್ಲ. ಕಬ್ಬಿನ ಹಾಲು ಕಾಡಿತು. ಜಿಸಿಯಲ್ಲಿ ಸ್ಯಾಂಪಲ್ಲು 250 ಡಿಗ್ರಿ ಕಾದ ಇಂಜೆಕ್ಟರಿಗೆ ಬಿದ್ದು ಆವಿಯಾಗಬೇಕು. ಸಕ್ಕರೆ ಎಲ್ಲಿ ಆವಿಯಾಗುತ್ತೆ? ಇಂಜೆಕ್ಟರ್ ಒಳಗಿನ ಗಾಜಿನ ಕೊಳವೆ, ಅಂದ್ರೆ ಲೈನರಲ್ಲೇ ಸೀದು ಕೂತಿತು. ಹತ್ತನೇ ಇಂಜೆಕ್ಷನ್ ಹೊತ್ತಿಗೆ ಅಟ್ರಜಿನ್ ಪೀಕು (ಗ್ರಾಫಲ್ಲಿ ಕಾಣೋ ಅದರ ಶಿಖರ) ಚೂಪಾಗಿ ನಿಲ್ಲದೆ ಬಾಲ ಎಳೆಯೋಕೆ ಶುರು. ಲೈನರ್ ಬಿಚ್ಚಿದ ಟೆಕ್ನಿಷಿಯನ್ ಅಣ್ಣ, "ಇದೇನಮ್ಮಾ, ಒಳಗೆ ಆಲೆಮನೆ ಹಾಕ್ಬಿಟ್ಟಿದ್ದೀಯ!" ಅಂದರು. ಲೈನರ್ ಬದಲಿಸು, ಕಾಲಂ (ಪದಾರ್ಥಗಳು ಬೇರ್ಪಡೋ ಉದ್ದನೆ ಕೊಳವೆ) ತುದಿ ಒಂದು ಗೇಣು ಕತ್ತರಿಸು, ಗೊತ್ತಿರೋ ಪ್ರಮಾಣ ಹಾಕಿ ಅಳತೆ ಹೊಂದಿಸೋ ಕ್ಯಾಲಿಬ್ರೇಷನ್ ಮತ್ತೆ ಮೊದಲಿಂದ.

ಸಕ್ಕರೆ ಹಿಡಿಯೋಕೆ ಸ್ಯಾಂಪಲ್ ಶುದ್ಧ ಮಾಡೋ ಪಿಎಸ್‌ಎ ಅನ್ನೋ ಪುಡಿ ಜಾಸ್ತಿ ಹಾಕಿದೆ. ಅದು ಆಮ್ಲಗಳನ್ನೂ ಹಿಡಿಯುತ್ತೆ. 2,4-ಡಿ ಆಮ್ಲವೇ ತಾನೇ, ಅದೂ ಪುಡಿ ಪಾಲಾಯ್ತು. ಪುಡಿ ಬಿಟ್ಟರೆ ಲೈನರ್ ಹೋಯ್ತು, ಹಾಕಿದರೆ 2,4-ಡಿ ಹೋಯ್ತು. ಮೇಲಾಗಿ 2,4-ಡಿಯನ್ನ ಜಿಸಿಗೆ ಕೊಡೋಕೆ ಮುಂಚೆ ಸುಲಭವಾಗಿ ಆವಿಯಾಗೋ ಮೀಥೈಲ್ ಎಸ್ಟರ್ ಮಾಡಬೇಕು. ಅದಕ್ಕೆ ಇನ್ನೊಂದು ದಿನ.

ಎಲ್‌ಸಿಯಲ್ಲಿ ಆವಿ ಮಾಡೋ ಗೋಜೇ ಇಲ್ಲ. ಹತ್ತು ಪಟ್ಟು ತೆಳು ಮಾಡಿ, ಸೋಸಿ, ಹಾಕಿದೆ. ಸಕ್ಕರೆ ಎಣ್ಣೆಯಂಥ ಪದರ ಇರೋ ಸಿ18 ಕಾಲಂನಲ್ಲಿ ನಿಲ್ಲದೆ ಎಲ್ಲಕ್ಕಿಂತ ಮೊದಲೇ ಹೊರಗೆ. ವಾಲ್ವ್ ತಿರುಗಿಸಿ ವೇಸ್ಟ್ ಬಾಟಲಿಗೆ ಬಿಟ್ಟರಾಯ್ತು. ಎಂಎಸ್/ಎಂಎಸ್ ಅಂದ್ರೆ ಅಣುವಿಗೆ ವಿದ್ಯುದಾವೇಶ ಕೊಟ್ಟು (ಅಯಾನು ಮಾಡಿ) ತೂಕದಿಂದ ಆರಿಸಿ, ಒಡೆದು, ಚೂರನ್ನೂ ತೂಗೋದು: ಅಟ್ರಜಿನ್ 216ರಿಂದ 174ಕ್ಕೆ, ಪಾಸಿಟಿವ್ ಅಯಾನು. 2,4-ಡಿ 219ರಿಂದ 161ಕ್ಕೆ, ನೆಗೆಟಿವ್ ಅಯಾನು.

ಇದಕ್ಕೂ ಒಂದು ಚಾಳಿ ಇದೆ. ಹಾಲಿನಲ್ಲಿ ಉಳಿದ ಇತರೆ ಪದಾರ್ಥಗಳು ಅಯಾನೀಕರಣ ಕುಗ್ಗಿಸಿ ಅಂಕಿ ಕಮ್ಮಿ ತೋರಿಸುತ್ತವೆ. ಔಷಧಿ ಹೊಡೆಯದ ನಮ್ಮ ಮಾವನ ಗದ್ದೆ ಕಬ್ಬಿನ ಹಾಲಲ್ಲೇ ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರೋ ಶುದ್ಧ ಕಳೆನಾಶಕ) ಬೆರೆಸಿ ಸರಿ ಮಾಡಿಕೊಂಡೆ.

2011ರಲ್ಲಿ ಸುಪ್ರೀಂ ಕೋರ್ಟ್ ತಡೆದ ಕೀಟನಾಶಕ ಎಂಡೋಸಲ್ಫಾನ್ ಹುಡುಕೋರಿಗೆ ಜಿಸಿಯೇ ಸೈ. ಹೆಸರೇ ಗೊತ್ತಿಲ್ಲದ ಪೀಕಿಗೂ ಅದೇ, ಗೊತ್ತಿರೋ ಪದಾರ್ಥಗಳ ಗುರುತು ಕೂಡಿಟ್ಟ ಲೈಬ್ರರಿ ಜೊತೆ ತಾಳೆ ನೋಡಬಹುದು. ನಮ್ಮ ಎಲ್‌ಸಿ ವಿಧಾನ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತೆ.

ಆದರೆ ಎಲ್‌ಸಿ ಇರೋದು ಹೊರಗಿನ ಲ್ಯಾಬಲ್ಲಿ, ದುಡ್ಡು ಸ್ಯಾಂಪಲ್ ಲೆಕ್ಕ. ನನ್ನ ಫೆಲೋಶಿಪ್ ಬರೋದೇ ತಡ. ಕುಡಿಯೋ ನೀರಿಗೆ ಭಾರತೀಯ ಮಾನದಂಡ ಐಎಸ್ 10500ರ ಮಿತಿ ಲೀಟರಿಗೆ ಅಟ್ರಜಿನ್ 2 ಮೈಕ್ರೊಗ್ರಾಂ. ಅಷ್ಟನ್ನ ಜಿಸಿಯೂ ಹಿಡಿಯುತ್ತೆ. ಹಾಗಾಗಿ ನಾಲೆ ನೀರಿನ ಅಟ್ರಜಿನ್ ಈಗಲೂ ಪುಕ್ಕಟೆ ಜಿಸಿಗೆ. ಕಬ್ಬಿನ ಹಾಲು ಮಾತ್ರ ಥರ್ಮಾಕೋಲ್ ಡಬ್ಬದಲ್ಲಿ ಐಸ್ ಜೊತೆ ಬಸ್ ಹತ್ತುತ್ತೆ.