ಲಿನಕ್ಸ್ ಮಿಂಟ್: ಮನೆಯ ಕಂಪ್ಯೂಟರ್ ಯಾರ ಮಾತು ಕೇಳಬೇಕು?

ತುಮಕೂರಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಹಲವು ವರ್ಷಗಳಿಂದ ಲಿನಕ್ಸ್ ಮಿಂಟ್ ಇದೆ. ವಿಂಡೋಸ್‌ನ ಹಾಗೆ ಇಡೀ ಕಂಪ್ಯೂಟರನ್ನು ನಡೆಸುವ, ಉಚಿತವಾಗಿ ಸಿಗುವ ಆಪರೇಟಿಂಗ್ ಸಿಸ್ಟಂ ಇದು. ಮಾಹಿತಿ ಹಕ್ಕು ಅರ್ಜಿ ಬರೆಯುವುದು, ಇಲಾಖೆಗಳಿಂದ ಬಂದ ಉತ್ತರಗಳನ್ನು ಸ್ಕ್ಯಾನ್ ಮಾಡಿ ಜೋಡಿಸಿಡುವುದು, ಮೇಲ್ಮನವಿ ಸಿದ್ಧಪಡಿಸುವುದು, ಮನೆಯವರ ಆದಾಯ ತೆರಿಗೆ ವಿವರ ಸಲ್ಲಿಸುವುದು ಇವೇ ಅದರ ಮುಖ್ಯ ಕೆಲಸ. ದುಡ್ಡು ಕೊಡಬೇಕಾಗಿಲ್ಲ ಎಂಬ ಕಾರಣಕ್ಕೆ ಇದನ್ನು ಮೆಚ್ಚುವವರು ಬಹಳ ಜನರಿದ್ದಾರೆ. ನನ್ನ ಕಾರಣ ಬೇರೆ. ಸರ್ಕಾರಕ್ಕೆ ನಾಗರಿಕರ ಮೇಲಿರುವ ಅಧಿಕಾರದಲ್ಲಿ ದೊಡ್ಡ ಪಾಲು ಈಗ ಕಂಪ್ಯೂಟರಿನ ಮೂಲಕವೇ ಚಲಾವಣೆಯಾಗುತ್ತಿದೆ. ಹೀಗಿರುವಾಗ ಯಾವ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳುತ್ತೇವೆ ಎನ್ನುವುದು ರಾಜಕೀಯ ತೀರ್ಮಾನವೂ ಹೌದು. ಇದರಲ್ಲಿ ಪಕ್ಷದ ಪ್ರಶ್ನೆ ಇಲ್ಲ. ನಾನು ಮುಂದೆ ಹೇಳುವ ಅಧಿಕಾರಗಳಲ್ಲಿ ಕೆಲವನ್ನು ಒಂದು ಪಕ್ಷದ ಸರ್ಕಾರ ತಂದಿತು, ಇನ್ನೊಂದು ಪಕ್ಷದ ಸರ್ಕಾರ ಅವನ್ನೇ ಉಳಿಸಿಕೊಂಡು ಹಿಗ್ಗಿಸಿತು.

ಮೊದಲು ಯಂತ್ರದ ಮಾತು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಕಂಪನಿಯ ಪಟ್ಟಿಯಲ್ಲಿರಬೇಕು. ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಯಂತ್ರಗಳು ಹೀಗೆ ಹಳತು ಎನಿಸಿಕೊಂಡವು. ಮಿಂಟ್ 4 ಜಿಬಿ ರ‍್ಯಾಮ್ ಇದ್ದರೆ ಆರಾಮವಾಗಿ ನಡೆಯುತ್ತದೆ. 2024ರ ಜುಲೈಯಲ್ಲಿ ಬಂದ 22ನೇ ಆವೃತ್ತಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಹಳೆಯ ಯಂತ್ರವನ್ನು ಉಳಿಸಿಕೊಳ್ಳುವುದು ಜಿಪುಣತನವಲ್ಲ ಎಂದು 2023ರ ಆಗಸ್ಟ್ 3ರಂದು ಹಲವರಿಗೆ ಅರಿವಾಗಿರಬೇಕು. ಅಂದು ಕೇಂದ್ರ ಸರ್ಕಾರ ಲ್ಯಾಪ್‌ಟಾಪ್, ಟ್ಯಾಬ್ಲೆಟ್‌ಗಳ ಆಮದಿಗೆ ಪರವಾನಗಿ ಬೇಕೆಂದು ಒಂದು ಅಧಿಸೂಚನೆಯಲ್ಲಿ ಹೇಳಿತು. ಮರುದಿನವೇ ಅದನ್ನು ಅಕ್ಟೋಬರ್ ಕೊನೆಯವರೆಗೆ ಮುಂದೂಡಿತು. ನವೆಂಬರ್‌ನಲ್ಲಿ ಅದರ ಜಾಗಕ್ಕೆ ಆನ್‌ಲೈನ್ ಅನುಮತಿಯ ಹಗುರ ವ್ಯವಸ್ಥೆ ಬಂತು. ಒಂದು ಪುಟದ ಅಧಿಸೂಚನೆ ಮನೆಯ ಕಂಪ್ಯೂಟರಿನ ಬೆಲೆಯನ್ನೂ ಲಭ್ಯತೆಯನ್ನೂ ರಾತ್ರೋರಾತ್ರಿ ಬದಲಿಸಬಲ್ಲುದು.

ಮಿಂಟ್ ನನಗೆ ಇಷ್ಟವಾಗುವುದು ಅದು ಕೇಳದ ಪ್ರಶ್ನೆಗಳಿಂದಾಗಿ. ಇನ್‌ಸ್ಟಾಲ್ ಮಾಡುವಾಗ ಒಂದು ಹೆಸರು, ಒಂದು ಪಾಸ್‌ವರ್ಡ್ ಕೇಳುತ್ತದೆ. ಎರಡೂ ನಮ್ಮ ಡಿಸ್ಕಿನಲ್ಲೇ ಉಳಿಯುತ್ತವೆ. ಇಮೇಲ್ ಬೇಡ, ಫೋನ್ ನಂಬರ್ ಬೇಡ, ಕಂಪನಿಯ ಖಾತೆ ಬೇಡ. ವಿಂಡೋಸ್ 11 ಇದಕ್ಕೆ ಮೈಕ್ರೋಸಾಫ್ಟ್ ಖಾತೆಯನ್ನೇ ಕೇಳುತ್ತದೆ. ಅದರ ಡಿವೈಸ್ ಎನ್‌ಕ್ರಿಪ್ಷನ್ (ಕೀಲಿಯಿಲ್ಲದೆ ಓದಲಾಗದಂತೆ ಡಿಸ್ಕನ್ನು ಗೂಢಲಿಪಿಯಾಗಿಸುವ ವ್ಯವಸ್ಥೆ) ಬಳಸಿದರೆ, ಡಿಸ್ಕನ್ನು ತೆರೆಯುವ ರಿಕವರಿ ಕೀ ಸಾಮಾನ್ಯವಾಗಿ ಆ ಖಾತೆಯಲ್ಲೇ ಶೇಖರವಾಗುತ್ತದೆ. ಪಾಸ್‌ವರ್ಡ್ ಮರೆತವರಿಗೆ ಅದು ದೊಡ್ಡ ಉಪಕಾರ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಕೀಲಿ ಕಂಪನಿಯ ಬಳಿ ಇದೆ ಎಂದರೆ, ಕಾನೂನಿನ ಆದೇಶ ಹಿಡಿದು ಬಂದವರಿಗೆ ಕಂಪನಿ ಅದನ್ನು ಕೊಡಬಲ್ಲುದು, ಮನೆಯ ಯಜಮಾನನಿಗೆ ತಿಳಿಯದೆಯೂ ಕೊಡಬಲ್ಲುದು. ಮಿಂಟ್‌ನಲ್ಲಿ ಎನ್‌ಕ್ರಿಪ್ಷನ್ ಆರಿಸಿಕೊಂಡರೆ ಲಕ್ಸ್ ಎಂಬ ವಿಧಾನದಿಂದ ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಆಗುತ್ತದೆ. ಕೀಲಿ ಇನ್ನೊಬ್ಬರ ಬಳಿ ಇರುವುದಿಲ್ಲ. ಮರೆತರೆ ದತ್ತಾಂಶ ಹೋದಂತೆಯೇ. ನಮ್ಮ ಮನೆಯಲ್ಲಿ ಪಾಸ್‌ಫ್ರೇಸನ್ನು ಕಾಗದದಲ್ಲಿ ಬರೆದು ಆಸ್ತಿ ಪತ್ರಗಳ ಜೊತೆಗೆ ಇಟ್ಟಿದ್ದೇವೆ.

ಇಷ್ಟು ಹೇಳಿದ ಮೇಲೆ ಕಾನೂನಿನ ಮಾತನ್ನು ಮರೆಮಾಚುವುದು ಓದುಗರಿಗೆ ಮಾಡುವ ಮೋಸವಾಗುತ್ತದೆ. ಲಿನಕ್ಸ್ ಹಾಕಿಕೊಂಡವನನ್ನು ಯಾರೂ ಮುಟ್ಟಲಾರರು ಎಂಬ ಪ್ರಚಾರ ಸುಳ್ಳು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಂ 2008ರ ತಿದ್ದುಪಡಿಯಲ್ಲಿ ಈಗಿನ ರೂಪ ಪಡೆಯಿತು. ಆದೇಶವಾದಾಗ ಮಾಹಿತಿಯನ್ನು ಡಿಕ್ರಿಪ್ಟ್ ಮಾಡಲು ನೆರವಾಗದವರಿಗೆ 7 ವರ್ಷಗಳವರೆಗೆ ಜೈಲು ಶಿಕ್ಷೆ ವಿಧಿಸಲು ಅದು ಅವಕಾಶ ಕೊಡುತ್ತದೆ. 2018ರ ಡಿಸೆಂಬರ್ 20ರಂದು ಗೃಹ ಸಚಿವಾಲಯ ಹತ್ತು ಸಂಸ್ಥೆಗಳನ್ನು ಹೆಸರಿಸಿ, ಯಾವುದೇ ಕಂಪ್ಯೂಟರಿನಲ್ಲಿ ಸಂಗ್ರಹವಾದ ಮಾಹಿತಿಯನ್ನೂ ಪರಿಶೀಲಿಸುವ, ಡಿಕ್ರಿಪ್ಟ್ ಮಾಡುವ ಅಧಿಕಾರವನ್ನು ಅವುಗಳಿಗೆ ಕೊಟ್ಟಿತು. ಪಾಸ್‌ವರ್ಡ್ ಕೊಡುವಂತೆ ಆರೋಪಿಗೆ ಹೇಳುವುದು ತನ್ನ ವಿರುದ್ಧ ತಾನೇ ಸಾಕ್ಷ್ಯ ಹೇಳುವಂತೆ ಬಲವಂತಪಡಿಸಿದಂತಾಗುವುದಿಲ್ಲ ಎಂದು ನಮ್ಮ ರಾಜ್ಯದ ಹೈಕೋರ್ಟ್ 2021ರ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಹೇಳಿತು. 2025ರ ಆದಾಯ ತೆರಿಗೆ ಕಾಯ್ದೆಯ 247ನೇ ಕಲಂ ಶೋಧದ ವೇಳೆ ಕಂಪ್ಯೂಟರಿನ ಪ್ರವೇಶ ಸಂಕೇತವನ್ನೇ ಮೀರಿ ಒಳಹೋಗುವ ಅಧಿಕಾರವನ್ನು ಅಧಿಕಾರಿಗೆ ನೀಡುತ್ತದೆ, ಇಮೇಲ್ ಮತ್ತು ಕ್ಲೌಡ್ ಖಾತೆಗಳನ್ನೂ ಸೇರಿಸಿ. ಈ ಶೋಧಕ್ಕೆ ಅನುಮತಿ ಕೊಡುವವರು ಅದೇ ಇಲಾಖೆಯ ಹಿರಿಯ ಅಧಿಕಾರಿಗಳು, ನ್ಯಾಯಾಧೀಶರಲ್ಲ. ನನ್ನ ಅತಿ ದೊಡ್ಡ ಆಕ್ಷೇಪ ಇರುವುದು ಇಲ್ಲಿ. ತನಿಖೆ ಬೇಡ ಎಂದು ನಾನು ಹೇಳುವುದಿಲ್ಲ. ಮನೆಯೊಳಗಿನ ಯಂತ್ರವನ್ನು ತೆರೆಯುವ ಮುನ್ನ ಇಲಾಖೆಯ ಹೊರಗಿನ ಒಬ್ಬ ನ್ಯಾಯಾಧೀಶರು ಕಾರಣವನ್ನು ಓದಿ ಸಹಿ ಹಾಕಬೇಕು.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪಿತ್ತ ಪ್ರಕರಣದ ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಇಳಿವಯಸ್ಸಿನಲ್ಲಿ ಅವರು ಆಧಾರ್ ವಿರುದ್ಧ ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ. ಆ ತೀರ್ಪಿನ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾತ್ರ ಬೇಸರ ತರಿಸುತ್ತದೆ. ಸರ್ಕಾರ ತನಗೆ ಬೇಕಾದ ಸಂಸ್ಥೆಗಳನ್ನು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣ ಹೇಳಿ ಅದರಿಂದ ಹೊರಗಿಡಬಹುದು. ಅದೇ ಕಾಯ್ದೆಯ 44(3)ನೇ ಕಲಂ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿತು, ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ವೈಯಕ್ತಿಕ ಮಾಹಿತಿ ಎಂದು ಹೇಳಿ ಉತ್ತರ ನಿರಾಕರಿಸುವುದು ಈಗ ಅಧಿಕಾರಿಗೆ ಹಿಂದಿಗಿಂತ ಸುಲಭ. ಮೇಲ್ಮನವಿಯಲ್ಲಿ 8(2)ನೇ ಕಲಮನ್ನು ಹಿಡಿದು ಸಾರ್ವಜನಿಕ ಹಿತಾಸಕ್ತಿಯನ್ನು ನಾವೇ ಮನವರಿಕೆ ಮಾಡಿಕೊಡಬೇಕಾಗಿದೆ.

ಹಾಗಾದರೆ ಮಿಂಟ್‌ನಿಂದ ಸಿಕ್ಕಿದ್ದೇನು? ನನಗೆ ಸಿಕ್ಕ ಅತ್ಯಂತ ಬೆಲೆಯುಳ್ಳ ವಸ್ತು ಒಂದು ಅಭ್ಯಾಸ, ಹ್ಯಾಶ್ ನೋಡುವ ಅಭ್ಯಾಸ. ಹ್ಯಾಶ್ ಎಂದರೆ ಕಡತದಿಂದ ಲೆಕ್ಕ ಹಾಕಿ ತೆಗೆಯುವ, ಅದರ ಬೆರಳಚ್ಚಿನಂಥ ಒಂದು ಸಂಕೇತ. 2016ರ ಫೆಬ್ರುವರಿ 20ರಂದು ಮಿಂಟ್‌ನ ಜಾಲತಾಣಕ್ಕೇ ಕನ್ನ ಹಾಕಿದ ದುಷ್ಕರ್ಮಿಗಳು, ಡೌನ್‌ಲೋಡ್ ಕೊಂಡಿಯನ್ನು ಕಳ್ಳ ಹಿಂಬಾಗಿಲು ಸೇರಿಸಿದ ನಕಲಿ ಐಎಸ್‌ಒ (ಇನ್‌ಸ್ಟಾಲ್ ಮಾಡುವ) ಕಡತದ ಕಡೆಗೆ ತಿರುಗಿಸಿದ್ದರು. ತಂಡ ಅದನ್ನು ಮುಚ್ಚಿಡದೆ ಬಹಿರಂಗವಾಗಿ ಹೇಳಿತು. ಅಂದಿನ ಪಾಠ ಇಂದಿಗೂ ಅವರ ಸೂಚನಾಪುಟದಲ್ಲಿದೆ: ಕಡತ ಇಳಿಸಿಕೊಂಡ ಮೇಲೆ ಅದರ ಎಸ್‌ಎಚ್‌ಎ-256 ಹ್ಯಾಶ್ ತೆಗೆಯಿರಿ, ತಾಣದಲ್ಲಿ ಪ್ರಕಟವಾದ ಹ್ಯಾಶ್‌ನೊಂದಿಗೆ ಹೋಲಿಸಿ, ಆ ಹ್ಯಾಶ್ ಪಟ್ಟಿಯ ಮೇಲಿನ ಡಿಜಿಟಲ್ ಸಹಿಯನ್ನೂ ಪರೀಕ್ಷಿಸಿ. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ.

ಇದೇ ಹ್ಯಾಶ್ ನಮ್ಮ ದೇಶದ ಸಾಕ್ಷ್ಯ ಕಾನೂನಿನೊಳಗೂ ಬಂದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ವಿದ್ಯುನ್ಮಾನ ದಾಖಲೆಯ ಹ್ಯಾಶ್ ಬರೆಯಲು ಜಾಗವಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕೆನ್ನುತ್ತದೆ. ಇದೆಲ್ಲ ಯಾಕೆ ಮುಖ್ಯ ಎನ್ನುವವರು ಭೀಮಾ ಕೋರೆಗಾಂವ್ ಪ್ರಕರಣವನ್ನು ನೋಡಬೇಕು. ಅದರ ಆರೋಪಿಗಳಲ್ಲಿ ಒಬ್ಬರಾದ ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪಿನಲ್ಲಿ ಸಾಕ್ಷ್ಯವೆಂದು ತೋರಿಸಿದ ಕಡತಗಳನ್ನು ನೆಟ್‌ವೈರ್ ಎಂಬ ಕುತಂತ್ರಾಂಶದ ಮೂಲಕ ಹೊರಗಿನವರು ಇಟ್ಟಿದ್ದಾರೆ ಎಂದು ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆಯ ವರದಿ 2021ರಲ್ಲಿ ಹೇಳಿತು. ತನಿಖಾ ಸಂಸ್ಥೆ ಆ ವರದಿಯನ್ನು ಒಪ್ಪಲಿಲ್ಲ. ಸತ್ಯ ಯಾವ ಕಡೆಗಿದ್ದರೂ ಒಂದು ಮಾತು ನಿಲ್ಲುತ್ತದೆ. ಯಂತ್ರ ಕೈಬದಲಾಗುವ ಗಳಿಗೆಯಲ್ಲೇ ಹ್ಯಾಶ್ ದಾಖಲಾಗಿ ಅದರ ಪ್ರತಿ ಮಾಲೀಕರ ಕೈಗೆ ಬಂದರೆ, ಆಮೇಲೆ ಏನಾದರೂ ಸೇರಿದೆಯೇ ಎಂಬ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರ ಸಿಗುತ್ತದೆ. ಅದಕ್ಕೂ ಮೊದಲೇ ಸೇರಿಸಿದ್ದರೆ ಹ್ಯಾಶ್ ಏನೂ ಹೇಳಲಾರದು. ಅಲ್ಲಿ ಬೇಕಾಗುವುದು ಅಪ್‌ಡೇಟ್ ತಪ್ಪದ ಯಂತ್ರ ಮತ್ತು ಗುರುತಿಲ್ಲದವರ ಅಟ್ಯಾಚ್‌ಮೆಂಟ್ ತೆರೆಯದ ಎಚ್ಚರ. ಮಾಹಿತಿ ಹಕ್ಕು ಅರ್ಜಿ ಹಾಕುವ ಗೆಳೆಯರಿಗೆಲ್ಲ ನಾನು ಹ್ಯಾಶ್ ತೆಗೆಯುವ ಆ ಒಂದು ಸಾಲಿನ ಕಮಾಂಡನ್ನು ಬರೆದುಕೊಟ್ಟಿದ್ದೇನೆ.

ಇನ್ನೊಂದು ಲಾಭ ನಿಯಂತ್ರಣದ್ದು. 2025ರ ನವೆಂಬರ್ 28ರಂದು ದೂರಸಂಪರ್ಕ ಇಲಾಖೆ ಹೊಸ ಮೊಬೈಲ್‌ಗಳಲ್ಲೆಲ್ಲ ಸರ್ಕಾರದ ಸಂಚಾರ್ ಸಾಥಿ ಆ್ಯಪನ್ನು ಮೊದಲೇ ಹಾಕಿಡಬೇಕು, ಅದರ ಕೆಲಸಕ್ಕೆ ತಡೆ ಇರಬಾರದು ಎಂದು ತಯಾರಕರಿಗೆ ಸೂಚಿಸಿತು. ವಿರೋಧ ಎದ್ದಿತು, ಡಿಸೆಂಬರ್ 3ರಂದು ಆ ಕಡ್ಡಾಯವನ್ನು ಹಿಂತೆಗೆಯಿತು. ಜನ ದನಿಯೆತ್ತಿದ್ದು ಫಲ ಕೊಟ್ಟಿತು ಎಂಬುದು ಸಂತೋಷ. ಆದರೆ ಅಂಥ ಆದೇಶ ಸಾಧ್ಯವಾದದ್ದು ಹೇಗೆ? ಬೆರಳೆಣಿಕೆಯ ಕಂಪನಿಗಳಿಗೆ ಪತ್ರ ಬರೆದರೆ ಕೋಟ್ಯಂತರ ಕಿಸೆಗಳನ್ನು ತಲುಪಬಹುದು ಎಂಬ ಸ್ಥಿತಿ ಇರುವುದರಿಂದ. ಮಿಂಟ್‌ನ ಮೂಲ ಸಂಕೇತ ತೆರೆದಿದೆ, ಬೇಡವಾದ ಪ್ಯಾಕೇಜನ್ನು (ತಂತ್ರಾಂಶದ ಬಿಡಿ ಭಾಗವನ್ನು) ಯಾರು ಬೇಕಾದರೂ ಕಿತ್ತು ಹಾಕಬಹುದು. (ಪ್ರೊಸೆಸರ್ ಮತ್ತು ಮದರ್‌ಬೋರ್ಡಿನೊಳಗೇ ಇರುವ ಫರ್ಮ್‌ವೇರ್ ಎಂಬ ತಂತ್ರಾಂಶ ಇಲ್ಲಿಯೂ ಮುಚ್ಚಿದ ಪೆಟ್ಟಿಗೆಯೇ. ಅದಕ್ಕೆ ಮಿಂಟ್ ಪರಿಹಾರವಲ್ಲ.) ಅಧಿಕಾರ ನಮ್ಮ ಸರ್ಕಾರದ್ದೇ ಆಗಿರಬೇಕೆಂದೂ ಇಲ್ಲ. 2025ರ ಜುಲೈಯಲ್ಲಿ ಗುಜರಾತಿನ ವಾಡಿನಾರ್ ರಿಫೈನರಿಯ ನಯಾರಾ ಎನರ್ಜಿಗೆ ಯುರೋಪಿನ ನಿರ್ಬಂಧದ ಬೆನ್ನಿಗೇ ಮೈಕ್ರೋಸಾಫ್ಟ್ ಸೇವೆಗಳು ನಿಂತುಹೋದವು. ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು, ಸೇವೆಗಳು ಮರಳಿ ಬಂದವು. ಅಷ್ಟು ದೊಡ್ಡ ಸಂಸ್ಥೆಗೆ ವಕೀಲರಿದ್ದರು.

ಕನ್ನಡದ ವಿಷಯದಲ್ಲಿ ಮಿಂಟ್ ನನಗೆ ಪೂರ್ಣ ತೃಪ್ತಿ ಕೊಟ್ಟಿದೆ. ಐಬಸ್ ಎಂಬ ಟೈಪಿಂಗ್ ಸಾಧನದಲ್ಲಿ ಕೆಜಿಪಿ ಕೀಲಿಮಣೆ ಆರಿಸಿಕೊಂಡರೆ ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರು ಏನನ್ನೂ ಹೊಸದಾಗಿ ಕಲಿಯಬೇಕಾಗಿಲ್ಲ. ಗುಬ್ಬಿ, ನವಿಲು, ಲೋಹಿತ್ ಫಾಂಟ್‌ಗಳು ಮಿಂಟ್‌ನ ತಂತ್ರಾಂಶ ಭಂಡಾರದಲ್ಲೇ ಸಿಗುತ್ತವೆ. ಪತ್ರ ಬರೆಯುವ ಲಿಬ್ರೆ ಆಫೀಸಿನಲ್ಲಿ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ತೊಂದರೆ ಕೊಡುವುದು ಹಳೆಯ ಕಡತಗಳು. ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಬರೆದ ಪತ್ರಗಳು ಪರಿವರ್ತಕದಲ್ಲಿ ಹಾಕಿ ತೆಗೆದ ಮೇಲೂ ರಕಾರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದುವಂತೆ ಮಾಡುತ್ತವೆ.

ಕೊರತೆಗಳಲ್ಲಿ ನನಗೆ ಹೆಚ್ಚು ನೋವು ಕೊಟ್ಟದ್ದು ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್. ಅದನ್ನು ಮಾರಿದವರು ವಿಂಡೋಸ್ ತಂತ್ರಾಂಶವನ್ನಷ್ಟೇ ಕೊಟ್ಟರು. ಲಿನಕ್ಸ್ ಎಂದಾಕ್ಷಣ ಫೋನ್ ಇಟ್ಟರು. ಅಂತಹ ಸಹಿ ಅನಿವಾರ್ಯವಾದಾಗ ಈಗಲೂ ಬೇರೆಯವರ ಯಂತ್ರದ ಮುಂದೆ ಕೂರುತ್ತೇನೆ. ಒಬ್ಬ ನಾಗರಿಕ ಸರ್ಕಾರದೊಂದಿಗೆ ವ್ಯವಹರಿಸಲು ಒಂದು ಖಾಸಗಿ ಕಂಪನಿಯ ಆಪರೇಟಿಂಗ್ ಸಿಸ್ಟಂ ಕೊಳ್ಳಲೇಬೇಕಾದ ಸ್ಥಿತಿ ಅನ್ಯಾಯ. ಕೇಂದ್ರ ಸರ್ಕಾರವೇ 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನು ಪ್ರಕಟಿಸಿದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ. ಮೊದಲಿದ್ದ ಸ್ಕ್ಯಾನರ್ ಮಿಂಟ್‌ಗೆ ಹೊಂದದ ಸಮಸ್ಯೆ ಇದರ ಮುಂದೆ ಸಣ್ಣದು, ಬೇರೆ ಕಂಪನಿಯ ಯಂತ್ರ ಕೊಂಡಾಗ ತಾನೇ ಬಗೆಹರಿಯಿತು. ತೆರಿಗೆ ವಿವರ ಮತ್ತು ರಾಜ್ಯದ ಆನ್‌ಲೈನ್ ಮಾಹಿತಿ ಹಕ್ಕು ಅರ್ಜಿ ಫೈರ್‌ಫಾಕ್ಸ್‌ನಲ್ಲಿ ತೊಡಕಿಲ್ಲದೆ ಹೋಗುತ್ತವೆ.

ದಿನವೂ ಡಿಜಿಟಲ್ ಸಹಿ ಬಳಸುವ ಲೆಕ್ಕಪರಿಶೋಧಕರಿಗೆ, ಲೆಕ್ಕಕ್ಕೆ ಟ್ಯಾಲಿ ತಂತ್ರಾಂಶವನ್ನೇ ನಂಬಿರುವ ಅಂಗಡಿಯವರಿಗೆ ಇದನ್ನೇ ಏಕೈಕ ಯಂತ್ರವಾಗಿ ಇಟ್ಟುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಪತ್ರಕರ್ತರು, ವಕೀಲರು, ಅರ್ಜಿ ಹೋರಾಟಗಾರರು, ಓದುವ ಮಕ್ಕಳಿರುವ ಮನೆಯವರು ಖಂಡಿತ ಹಾಕಿಕೊಳ್ಳಬೇಕು. ಮೊದಲು ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ ಪ್ರಿಂಟರ್, ವೈಫೈ, ಕನ್ನಡ ಕೀಲಿಮಣೆ ಪರೀಕ್ಷಿಸಿ. ಆ ಹಂತದಲ್ಲಿ ಡಿಸ್ಕಿನಲ್ಲಿರುವ ಯಾವುದೂ ಬದಲಾಗುವುದಿಲ್ಲ. ಸರಿ ಎನಿಸಿದರೆ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆಮೇಲೆ ಇನ್‌ಸ್ಟಾಲ್ ಮಾಡಿ. ಎನ್‌ಕ್ರಿಪ್ಷನ್ ಆಯ್ಕೆ ಡಿಸ್ಕ್ ಅಳಿಸುವ ಪುಟದ ಸುಧಾರಿತ ಆಯ್ಕೆಗಳೊಳಗೆ ಇರುತ್ತದೆ. ಅದನ್ನು ಆಗಲೇ ಗುರುತು ಮಾಡಬೇಕು, ಬಿಟ್ಟರೆ ಮುಂದೆ ಮತ್ತೆ ಮೊದಲಿನಿಂದ ಇನ್‌ಸ್ಟಾಲ್ ಮಾಡಬೇಕಾಗುತ್ತದೆ.