ಬೇಸಿಗೆ ರಜೆ, ಮಗಳು ಮತ್ತು ಬಾಡಿಗೆಯ ಮೇಜು: ನಾಲ್ಕು ವ್ಯವಸ್ಥೆಗಳ ಹೋಲಿಕೆ

ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ 2025ರ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ ಇತ್ತು. ಆ 48 ದಿನಗಳಲ್ಲಿ ನನಗೆ ಸಿಕ್ಕ ರಜೆ ಆರು ದಿನ. ಜಯನಗರದ ಎರಡು ಕೋಣೆಯ ಮನೆಯಲ್ಲಿ ಕುಳಿತು ಲಂಡನ್ನಿನ ತಂಡವೊಂದಕ್ಕೆ ಕೆಲಸ ಮಾಡುವ ನಾನು, ಏಳು ವರ್ಷದ ಮಗಳನ್ನು ಇಟ್ಟುಕೊಂಡು ಉಳಿದ ದಿನಗಳನ್ನು ದಾಟಲು ನಾಲ್ಕು ಬಗೆಯ ವ್ಯವಸ್ಥೆಗಳನ್ನು ಒಂದೊಂದಾಗಿ ಪ್ರಯತ್ನಿಸಿದೆ. ಕುರ್ಚಿ, ಕಾಫಿ, ವೈಫೈ ವೇಗ ಎಂದೆಲ್ಲ ಆರಂಭದಲ್ಲಿ ಪಟ್ಟಿ ಮಾಡಿಕೊಂಡಿದ್ದೆನಾದರೂ ಎರಡನೆಯ ವಾರದ ಹೊತ್ತಿಗೆ ಉಳಿದದ್ದು ಎರಡೇ ಪ್ರಶ್ನೆ: ನನ್ನ ಮೇಜಿನಿಂದ ಮಗಳಿರುವಲ್ಲಿಗೆ ಎಷ್ಟು ನಿಮಿಷ, ಮತ್ತು ಮಧ್ಯಾಹ್ನ ಎರಡಕ್ಕೆ ಅವಳ ಬಳಿ ಯಾರಿರುತ್ತಾರೆ.

ಎರಡು ಗಂಟೆಯನ್ನೇ ಹಿಡಿದದ್ದಕ್ಕೆ ಕಾರಣವಿದೆ. ಬ್ರಿಟನ್ನಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ, ಚಳಿಗಾಲದಲ್ಲಿ ನಮ್ಮ ಮೂರು ಗಂಟೆಗೆ ಬರುವ ಅಲ್ಲಿನ 9.30ರ ಸಭೆ ಬೇಸಿಗೆಯಲ್ಲಿ ಎರಡಕ್ಕೇ ಬಂದು ಕೂರುತ್ತದೆ. ಇತ್ತ ನಾನು ವಿಚಾರಿಸಿದ ಬೇಸಿಗೆ ಶಿಬಿರಗಳಲ್ಲಿ ಹೆಚ್ಚಿನವು ಮಧ್ಯಾಹ್ನ ಒಂದರೊಳಗೆ ಮಕ್ಕಳನ್ನು ಮನೆಗೆ ಕಳುಹಿಸುತ್ತವೆ.

ಮೊದಲನೆಯದು ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಸಣ್ಣ ಕೋವರ್ಕಿಂಗ್ ಜಾಗ, ಅಂದರೆ ಹಲವರು ಮೇಜು ಬಾಡಿಗೆಗೆ ಹಿಡಿದು ಕೆಲಸ ಮಾಡುವ ಹಂಚಿಕೆಯ ಕಚೇರಿ. ದಿನಕ್ಕೆ 500 ರೂಪಾಯಿ, ಅದರ ಮೇಲೆ ಶೇ. 18ರ ಜಿಎಸ್‌ಟಿ ಸೇರಿ 590. ಸಂಬಳದಾರರಾದ ನಮಗೆ ಆ 90 ರೂಪಾಯಿಯನ್ನು ಮರಳಿ ಪಡೆಯುವ ದಾರಿಯಿಲ್ಲ. ಹಾಸನದಿಂದ ಬಂದ ಅತ್ತೆಯವರು ಮನೆಯಲ್ಲಿ ಮಗಳೊಡನೆ ಇದ್ದರು. ಜಾಗ ಸಾಧಾರಣವಾದದ್ದು: ಮೂರನೆಯ ಮಹಡಿ, ನಲವತ್ತು ಕುರ್ಚಿಗಳಿಗೆ, ಬಾಗಿಲು ಹಾಕಿಕೊಂಡು ಕರೆಗಳಲ್ಲಿ ಮಾತಾಡಲು ಎರಡೇ ಫೋನ್ ಬೂತ್. ಆದರೆ ಒಂದು ಗಂಟೆಗೆ ಮನೆಗೆ ಹೋಗಿ ಮಗಳಿಗೆ ಅನ್ನ ಸಾರು ಕಲಸಿಕೊಟ್ಟು, ಎರಡಕ್ಕೆ ಮುಂಚೆ ಬಂದು ಬೂತಿನಲ್ಲಿ ಕೂರಲು ಸಾಧ್ಯವಾದದ್ದು ಇಲ್ಲಿ ಮಾತ್ರ. ಮನೆಯ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೆಲಸ ಮಾಡಿದಾಗ ಗಂಟೆಗೆ ಐದು ಬಾರಿ ಬಾಗಿಲು ಬಡಿಯುತ್ತಿದ್ದ ಮಗು, ನಾನು ಚಪ್ಪಲಿ ಮೆಟ್ಟಿ ಹೊರಟರೆ ಅಜ್ಜಿಯ ಜೊತೆ ನೆಮ್ಮದಿಯಾಗಿ ಇರುತ್ತಿತ್ತು. ಅಮ್ಮ ಮನೆಯಲ್ಲಿದ್ದೂ ಸಿಗದಿರುವುದು ಮಕ್ಕಳಿಗೆ ಅರ್ಥವಾಗುವುದಿಲ್ಲ, ಇಲ್ಲದಿರುವುದು ಅರ್ಥವಾಗುತ್ತದೆ.

ಎರಡನೆಯದು, ಮಕ್ಕಳ ಕೋಣೆಯೂ ಇರುವ ಕೋವರ್ಕಿಂಗ್. ಜಾಹೀರಾತು ಓದಿದಾಗ ನಮ್ಮಂಥವರಿಗೆಂದೇ ಮಾಡಿದಂತಿತ್ತು. ಮೇಜಿಗೆ 900, ಮಗುವಿಗೆ 600, ತೆರಿಗೆ ಬೇರೆ. ಗಾಜಿನ ಗೋಡೆಯ ಆಚೆಗೆ ಮಗಳು, ಈಚೆಗೆ ನಾನು. ಅಂದರೆ ಅಂತರ ಅರ್ಧ ನಿಮಿಷವೂ ಇಲ್ಲ. ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ ಎಂದುಕೊಂಡಿದ್ದೆ. ಆದರೆ ಕೋಣೆಯೊಳಗಿನ ಆಟಿಕೆಗಳೆಲ್ಲ ಎರಡರಿಂದ ನಾಲ್ಕು ವರ್ಷದವರಿಗೆ ಹೊಂದುವಂಥವು. ಹನ್ನೊಂದು ಗಂಟೆಗೆಲ್ಲ ಬೇಸತ್ತ ಮಗಳು ಗಾಜಿಗೆ ಮೂಗೊತ್ತಿ ನಿಂತು ನನ್ನನ್ನೇ ನೋಡತೊಡಗಿದಳು, ನಾನೂ ಪರದೆಯನ್ನು ಬಿಟ್ಟು ಅವಳನ್ನೇ ನೋಡತೊಡಗಿದೆ. ಸಣ್ಣ ಮಗುವಿದ್ದವರಿಗೆ, ಹಾಲೂಡಿಸುವ ತಾಯಂದಿರಿಗೆ ಇದು ನಿಜಕ್ಕೂ ಉಪಯುಕ್ತ. ಶಾಲೆಗೆ ಹೋಗುವ ವಯಸ್ಸಿನವರಿಗಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ 50 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿತು. ಭಾರತದಲ್ಲಿ ಹನ್ನೆರಡೇ ಜನರಿರುವ ನನ್ನ ಕಂಪನಿಗೆ ಅದು ಅನ್ವಯಿಸುತ್ತಿರಲಿಲ್ಲ, ಹಾಗಾಗಿ ಈ ಖರ್ಚು ಪೂರ್ತಿ ನನ್ನದೇ. ಮೂರು ದಿನಕ್ಕೆ ನಿಲ್ಲಿಸಿದೆ.

ಮೂರನೆಯದಕ್ಕಾಗಿ ಕಬ್ಬನ್ ಉದ್ಯಾನದ ಸಮೀಪದ ಒಂದು ಚಿತ್ರಕಲಾ ಶಿಬಿರಕ್ಕೆ ಮಗಳನ್ನು ಸೇರಿಸಿ, ಎಂ.ಜಿ. ರಸ್ತೆಯ ಬದಿಯ ಕೋವರ್ಕಿಂಗ್‌ನಲ್ಲಿ ಮೇಜು ಹಿಡಿದೆ. ಹಸಿರು ಮಾರ್ಗದಲ್ಲಿ ಜಯನಗರದಿಂದ ಮೆಜೆಸ್ಟಿಕ್, ಅಲ್ಲಿ ಇಳಿದು ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್. ಮನೆಯಿಂದ ಮುಕ್ಕಾಲು ಗಂಟೆ. ಬೆಳಗಿನ ಮಟ್ಟಿಗೆ ನಾಲ್ಕರಲ್ಲಿ ಇದೇ ಅತ್ಯುತ್ತಮ: ಕುರ್ಚಿ, ಬೆಳಕು, ಮೌನ ಎಲ್ಲವೂ ಸರಿಯಿತ್ತು, ಮಗಳೂ ಖುಷಿಯಾಗಿದ್ದಳು, ನಾನು ಮೂರು ಗಂಟೆಯಲ್ಲಿ ಇಡೀ ದಿನದ ಕೆಲಸ ಮುಗಿಸುತ್ತಿದ್ದೆ. ಕಷ್ಟವಿದ್ದದ್ದು ಒಂದು ಗಂಟೆಯ ನಂತರ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಹತ್ತಿರವೇ ಇದ್ದರೂ ಏಳು ವರ್ಷದ ಮಗುವನ್ನು ಅಲ್ಲಿ ಒಂಟಿಯಾಗಿ ಬಿಡಲಾದೀತೆ? ಕೋವರ್ಕಿಂಗ್‌ನವರು ಮಗುವನ್ನು ಅತಿಥಿ ಎಂದು ಬರೆದುಕೊಂಡು ಒಂದು ಗಂಟೆ ಒಳಗೆ ಕೂರಲು ಬಿಟ್ಟರು. ಎರಡನೆಯ ದಿನ, ನಿಯಮದಲ್ಲಿ ಅವಕಾಶವಿಲ್ಲ ಎಂದು ವಿನಯದಿಂದಲೇ ಹೇಳಿದರು. ಅವರದು ತಪ್ಪೆನ್ನಲಾರೆ, ಪಕ್ಕದ ಮೇಜಿನವರೂ ಹಣ ಕೊಟ್ಟೇ ಬಂದವರು. ಕೊನೆಗೆ ಪತಿ ವಾರಕ್ಕೆ ಎರಡು ದಿನ ಮಧ್ಯಾಹ್ನದ ರಜೆ ಹಾಕಿ ಮಗಳನ್ನು ಕರೆದುಕೊಂಡು ಹೋಗಬೇಕಾಯಿತು. ದಂಪತಿಗಳಿಬ್ಬರೂ ಹೊತ್ತನ್ನು ಹಂಚಿಕೊಳ್ಳಬಲ್ಲವರಾದರೆ ಇದನ್ನೇ ಆರಿಸಿಕೊಳ್ಳಬಹುದು. ಒಬ್ಬರೇ ನಿಭಾಯಿಸುವವರಿಗೆ ದಿನಕ್ಕೆ 944 ರೂಪಾಯಿ ಕೊಟ್ಟೂ ಅರ್ಧ ದಿನವೇ ದಕ್ಕುತ್ತದೆ.

ನಡುವೆ ಎರಡು ದಿನ ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯವನ್ನೂ ನೋಡಿದೆ. ಓದುವುದಕ್ಕೆ ಅಂಥ ಜಾಗವಿಲ್ಲ, ಆದರೆ ಸಭೆಯಲ್ಲಿ ಬಾಯಿ ಬಿಡಬೇಕಾದವರಿಗೆ ಅದು ಹೇಳಿಸಿದ್ದಲ್ಲ.

ನಾಲ್ಕನೆಯದು ಮೈಸೂರಿನ ತವರುಮನೆ, ಜೊತೆಗೆ ಕುವೆಂಪುನಗರದ ಕೋವರ್ಕಿಂಗ್. ದಿನಕ್ಕೆ 300, ತೆರಿಗೆ ಸೇರಿ 354. ರಂಗಾಯಣದ ಮಕ್ಕಳ ಬೇಸಿಗೆ ರಂಗಶಿಬಿರವಾದ ಚಿಣ್ಣರ ಮೇಳಕ್ಕೆ ಸೇರಿಸುವ ಆಸೆಯಿತ್ತು. ನಾವು ಹೊರಡುವ ಯೋಚನೆ ಮಾಡುವಷ್ಟರಲ್ಲಿ ಪ್ರವೇಶ ಮುಗಿದಿತ್ತು, ಅದಕ್ಕೆ ಮಾರ್ಚಿನಿಂದಲೇ ಕಿವಿ ತೆರೆದಿಟ್ಟಿರಬೇಕು. ಶಿಬಿರವಿಲ್ಲದೆಯೂ ನಡೆಯಿತು. ಅಳಗುಳಿಮಣೆ, ಚೌಕಾಬಾರ, ಅಣ್ಣನ ಮಕ್ಕಳಿಬ್ಬರು, ಬುಟ್ಟಿ ತುಂಬ ಬಾದಾಮಿ ಮಾವು ಇರುವಾಗ ಎರಡು ಗಂಟೆಯ ಪ್ರಶ್ನೆ ಏಳಲೇ ಇಲ್ಲ. ಸ್ಕೂಟರಿನಲ್ಲಿ ಆರು ನಿಮಿಷ. ವಿದ್ಯುತ್ ಹೋದರೆ ಜನರೇಟರ್ ಹತ್ತಲು ಒಂದೆರಡು ನಿಮಿಷ ಹಿಡಿಯುತ್ತಿದ್ದುದರಿಂದ ಸಭೆಗಳಿಗೆ ಮೊಬೈಲ್ ಹಾಟ್‌ಸ್ಪಾಟ್ ಸಿದ್ಧವಾಗಿಟ್ಟುಕೊಳ್ಳುತ್ತಿದ್ದೆ, ಅಷ್ಟೇ. ಆದರೆ ಮೂರನೆಯ ವಾರ ತಂದೆಯವರ ಮಧ್ಯಾಹ್ನದ ನಿದ್ದೆ ತಪ್ಪುತ್ತಿರುವುದು, ಅಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿರುವುದು ಕಣ್ಣಿಗೆ ಬಿತ್ತು. ಇಬ್ಬರೂ ಎಪ್ಪತ್ತು ದಾಟಿದವರು; ಸಾಕು ಎಂದು ಅವರಾಗಿ ಹೇಳುವುದಿಲ್ಲ. ಆ 354 ರೂಪಾಯಿಯಲ್ಲಿ ಅವರ ದುಡಿಮೆಯ ಲೆಕ್ಕ ಸೇರಿಲ್ಲ ಎಂಬುದನ್ನು ಹೋಲಿಕೆ ಮಾಡುವಾಗ ನಾನು ಮೊದಲು ಮರೆತಿದ್ದೆ. ಅತ್ತೆಯವರ ವಿಷಯದಲ್ಲೂ ಅದೇ ಮಾತು.

ದಸರಾ ರಜೆ ಇನ್ನೊಂದು ಪಾಠ ಕಲಿಸಿತು. ಮಗಳದು ಅನುದಾನಿತ ಶಾಲೆ. ಸೆಪ್ಟೆಂಬರ್ 20ಕ್ಕೆ ಆರಂಭವಾಗಿ ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ರಜೆಯನ್ನು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಕಾರಣಕ್ಕೆ 18ರವರೆಗೆ ವಿಸ್ತರಿಸಿದರು. ಮೈಸೂರಿಗೆ ಮತ್ತೆ ಹೊರಡುವಂತಿರಲಿಲ್ಲ, ನಗರದ ಮಧ್ಯದ ಜಾಗದವರು ತಿಂಗಳ ಪಾಸಿಗಿಂತ ಕಡಿಮೆ ಅವಧಿಗೆ ಆಗ ಒಪ್ಪಲಿಲ್ಲ. ಜಯನಗರದವರು ಎರಡು ತಿಂಗಳಲ್ಲಿ ಯಾವಾಗ ಬೇಕಾದರೂ ಬಳಸಬಹುದಾದ ಹತ್ತು ದಿನಗಳ ಪಾಸ್ ಕೊಟ್ಟರು. ಮೇಲಿನ ಮನೆಯ ಕಾಲೇಜು ಹುಡುಗಿ ಸಂಭಾವನೆ ಪಡೆದು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಗಳ ಜೊತೆ ಕುಳಿತಳು.

ಬರುವ ಬೇಸಿಗೆಗೆ ಮೈಸೂರನ್ನು ಎರಡೇ ವಾರಕ್ಕೆ ಮಿತಿಗೊಳಿಸಿ, ಉಳಿದ ದಿನಗಳಿಗೆ ಜಯನಗರದ ಅದೇ ಮೂರನೆಯ ಮಹಡಿಗೆ ಹಣ ಕಟ್ಟುವವಳಿದ್ದೇನೆ. ಎರಡು ಗಂಟೆಗೆ ಬೂತ್ ನನ್ನ ಹೆಸರಿನಲ್ಲಿರಬೇಕೆಂದು ಈಗಲೇ ಕೇಳಿಕೊಂಡಿದ್ದೇನೆ. ಆ ಹುಡುಗಿಗೆ ಏಪ್ರಿಲ್‌ನಲ್ಲಿ ಪರೀಕ್ಷೆ ಇದೆಯೇ ಎಂಬುದನ್ನು ಇನ್ನೂ ವಿಚಾರಿಸಬೇಕು.