ರಾತ್ರಿ 2ರಿಂದ 4: ನೀರಿನ ಲೆಕ್ಕದ ಆ್ಯಪ್ ಜೊತೆ ಮೂರು ವರ್ಷ

ನಮ್ಮ ನೀರು ಸರಬರಾಜು ವಿಭಾಗಕ್ಕೆ ಈ ವ್ಯವಸ್ಥೆ ಬಂದು ಮೂರು ವರ್ಷ ಆಯಿತು. ಸುಮಾರು 1,200 ನಲ್ಲಿ ಸಂಪರ್ಕಗಳ ಒಂದು ವಲಯ, ಅದಕ್ಕೆ ನೀರು ಒಳಬರುವ ಕಡೆ ಶಬ್ದತರಂಗದಿಂದ ಹರಿವು ಅಳೆಯುವ ಒಂದು ಅಲ್ಟ್ರಾಸಾನಿಕ್ ಮೀಟರ್, 15 ನಿಮಿಷಕ್ಕೊಂದು ಅಂಕಿ ಹಿಡಿಯುವ ಲಾಗರ್, ಅದನ್ನೆಲ್ಲ ಫೋನಿಗೆ ತರುವ ಆ್ಯಪ್. ಉಳಿದದ್ದು ಕೈಪಿಡಿಯಲ್ಲಿದೆ.

ಬಿಲ್ಲಿಂಗ್, ದೂರು ದಾಖಲೆ, ನಕ್ಷೆ ಎಲ್ಲ ಇದರಲ್ಲಿದೆ. ಪರವಾಗಿಲ್ಲ, ನಡೆಯುತ್ತದೆ. ನನಗೆ ಹುಚ್ಚು ಹಿಡಿಸಿದ್ದು ಮಾತ್ರ ಒಂದೇ ಗೆರೆ. ಬೆಳಗ್ಗೆ ಎದ್ದ ತಕ್ಷಣ, ಇನ್ನೂ ಹಾಸಿಗೆಯಲ್ಲೇ, ಫೋನ್ ತೆಗೆದು ಹಿಂದಿನ ರಾತ್ರಿಯ ಹರಿವಿನ ಗ್ರಾಫನ್ನು ಎರಡು ಬೆರಳಲ್ಲಿ ಹಿಗ್ಗಿಸುತ್ತೇನೆ. 2ರಿಂದ 4 ಗಂಟೆಯ ನಡುವಿನ ತಗ್ಗು ಪರದೆ ತುಂಬಬೇಕು. ಆ ಹೊತ್ತಲ್ಲಿ ಸ್ನಾನ ಇಲ್ಲ, ಬಟ್ಟೆ ಒಗೆಯುವುದು ಇಲ್ಲ. ಆದರೂ ಮೀಟರ್ ದಾಟಿ ನೀರು ಹೋಗುತ್ತಿದ್ದರೆ ಅದರಲ್ಲಿ ಜಾಸ್ತಿ ಪಾಲು ಸೋರಿಕೆ. ಬಳಕೆ ನಿಂತು ಒತ್ತಡ ಏರುವುದರಿಂದ ಒಡೆದ ಪೈಪ್ ರಾತ್ರಿ ಇನ್ನೂ ಜೋರಾಗಿ ಸೋರುತ್ತದೆ. ನಮ್ಮ ಗೆರೆ ಸೆಕೆಂಡಿಗೆ 0.9 ಲೀಟರ್ ಹತ್ತಿರ ನಿಂತಿದ್ದರೆ ನನಗೆ ದಿನವೆಲ್ಲ ನೆಮ್ಮದಿ.

ಒಂದು ಮಾತು: ಇದು ದಿನದ 24 ಗಂಟೆಯೂ ಪೈಪಲ್ಲಿ ನೀರಿರುವ ಕಡೆಗೆ ಮಾತ್ರ. ಸರದಿ ಪ್ರಕಾರ ನೀರು ಬಿಡುವ ಕಡೆ, ಬಿಟ್ಟಾಗಲೆಲ್ಲ ಮನೆಮನೆಯ ಸಂಪು ತುಂಬುತ್ತಿರುತ್ತದೆ. ಸೋರಿಕೆ ಯಾವುದು, ಸಂಪು ಯಾವುದು ಅಂತ ಆ ಗೆರೆ ಹೇಳುವುದಿಲ್ಲ. ದುಡ್ಡು ಸುರಿಯುವ ಮೊದಲು ಇದನ್ನು ಯೋಚಿಸಿ.

ಎರಡನೇ ಮಳೆಗಾಲದವರೆಗೂ ನಾನು ಈ ಆ್ಯಪನ್ನು ಸಿಕ್ಕಿದವರಿಗೆಲ್ಲ ಹೊಗಳುತ್ತಿದ್ದೆ. ಆಮೇಲೆ ಒಂದು ರಾತ್ರಿ ಮೀಟರ್ ಚೇಂಬರ್‌ನಲ್ಲಿ, ಅಂದರೆ ಮೀಟರ್, ಲಾಗರ್ ಇರುವ ಗುಂಡಿಯಲ್ಲಿ, ಮಳೆನೀರು ತುಂಬಿತು. ಲಾಗರ್ ನೀರಲ್ಲಿ ಮುಳುಗಿದರೆ ಸಿಗ್ನಲ್ ಹೊರಗೆ ಬರುವುದಿಲ್ಲ. ಅದು ತಪ್ಪಲ್ಲ, ಭೌತಶಾಸ್ತ್ರ. ಆದರೆ ಆ್ಯಪ್ ಏನು ಮಾಡಿತು ಗೊತ್ತಾ? ಕೊನೆಗೆ ಸಿಕ್ಕ ಅಂಕಿಯನ್ನೇ ಹಿಡಿದು ಮುಂದಕ್ಕೆ ನೇರ ಗೆರೆ ಎಳೆಯಿತು. ಸಿಗ್ನಲ್ ಹೋದದ್ದು ರಾತ್ರಿ 3ರ ಸುಮಾರಿಗೆ. ಹಾಗಾಗಿ ಮೂರು ಬೆಳಗ್ಗೆ ನನಗೆ ಕಂಡದ್ದು ಅದೇ 0.9. ಹಗಲಿನ ಭಾಗ ನೋಡಿದ್ದರೆ ಅದೂ ಚಪ್ಪಟೆ ಅಂತ ಗೊತ್ತಾಗುತ್ತಿತ್ತು. ನಾನು ಆ ಎರಡು ಗಂಟೆ ಮಾತ್ರ ಹಿಗ್ಗಿಸಿ ನೋಡುವವನಲ್ವಾ!

ನಾಲ್ಕನೇ ದಿನ ನಮ್ಮ ಹಿರಿಯ ವಾಲ್ವ್‌ಮ್ಯಾನ್ ಫೋನ್ ಮಾಡಿದರು. "ಸಾರ್, ಮಳೆ ನಿಂತು ಎರಡು ದಿನ ಆಯ್ತು, ಚರಂಡೀಲಿ ತಿಳಿನೀರು ಹರೀತಾನೇ ಇದೆ. ಒಂದ್ಸಲ ಬಂದು ನೋಡಿ." ಹೋದೆ. ಅವರು ಕಬ್ಬಿಣದ ಸರಳನ್ನು ವಾಲ್ವ್ ಮೇಲೆ ಊರಿ, ಇನ್ನೊಂದು ತುದಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿದರು. ಮುಂದಿನ ವಾಲ್ವ್‌ಗೆ ನಡೆದರು. ಮತ್ತೆ ಕಿವಿ. ಮೂರನೆಯದರಲ್ಲಿ ಸರಳನ್ನು ನನ್ನ ಕೈಗೆ ಕೊಟ್ಟರು. ಬಾಣಲೆಯಲ್ಲಿ ಏನೋ ಹುರಿದ ಹಾಗೆ ಸುಂಯ್ ಅನ್ನುವ ಸದ್ದು. ಅಲ್ಲೇ ಅಗೆದೆವು, ಅಲ್ಲೇ ಇತ್ತು.

ಚೇಂಬರ್ ಒಣಗಿದ ಮೇಲೆ ಲಾಗರ್ ತನ್ನೊಳಗೆ ಉಳಿಸಿಕೊಂಡಿದ್ದ ಅಂಕಿಗಳನ್ನೆಲ್ಲ ಕಳಿಸಿತು. ಸದ್ದಿಲ್ಲದೆ ಗ್ರಾಫ್ ಬದಲಾಯಿತು. ಎರಡು ರಾತ್ರಿ 1.9! ಸೆಕೆಂಡಿಗೆ ಹೆಚ್ಚುವರಿ 1 ಲೀಟರ್, ದಿನವಿಡೀ ಅದೇ ವೇಗದಲ್ಲಿ ಸೋರಿದರೆ 86,400 ಲೀಟರ್ ಮಣ್ಣುಪಾಲು. ಪಾಪ, ಲಾಗರ್ ತನ್ನ ಕೆಲಸ ಮಾಡಿತ್ತು. ಸುಳ್ಳು ಹೇಳಿದ್ದು ಆ್ಯಪ್. ಅದೇ ಆ್ಯಪ್ ಲಾಗರ್ ಬ್ಯಾಟರಿ ಒಂಚೂರು ಇಳಿದರೆ ನಡುರಾತ್ರಿ ಕೂಗಿ ಎಬ್ಬಿಸುತ್ತದೆ.

ಕಂಪನಿಗೆ ಬರೆದೆ. ಎಂಟು ತಿಂಗಳಾದ ಮೇಲೆ ಬಂದ ಅಪ್‌ಡೇಟ್‌ನಲ್ಲಿ ಅಂಕಿ ಬಾರದ ಹೊತ್ತಿಗೆ ಬೂದು ಚುಕ್ಕಿ ಗೆರೆ ಕಾಣುತ್ತಿದೆ. ಸುಮ್ನೆ ಖಾಲಿ ಬಿಟ್ಟಿದ್ದರೆ ನನಗೆ ಇನ್ನೂ ಇಷ್ಟವಾಗುತ್ತಿತ್ತು. ಬೂದು ಬಣ್ಣ ಬಿಸಿಲಲ್ಲಿ ಕಾಣುವುದೇ ಇಲ್ಲ.

ಐದರಲ್ಲಿ ಮೂರು ನಕ್ಷತ್ರ. ವರ್ಷದ ಚಂದಾ ನಮ್ಮಂಥ ಸಣ್ಣ ವಿಭಾಗಕ್ಕೆ ಭಾರವೇ. ಆದರೂ ಈ ಸಲ ಕಟ್ಟೋಣ ಅಂತ ಟಿಪ್ಪಣಿ ಬರೆದೆ. ಅದೇ ಹಾಳೆಯಲ್ಲಿ ಇನ್ನೆರಡು ಸರಳು, ಚೇಂಬರ್ ನೀರು ಎತ್ತಲು ಒಂದು ಸಣ್ಣ ಪಂಪ್ ಕೂಡ ಕೇಳಿದ್ದೇನೆ.